ಅಪಾರ್ಟ್‌ಮೆಂಟಿನ ಕೆಂಪು ಪೈಪಿನಲ್ಲಿ ನೀರು ಬರುತ್ತದೆಯೇ? ಒಂದು ಭಾನುವಾರ ನೀವೇ ನೋಡಿಕೊಳ್ಳುವ ಬಗೆ

ಹೊಸದಾಗಿ ಅಸೋಸಿಯೇಷನ್ ಕಮಿಟಿಗೆ ಬಂದವರು, ಗೃಹಪ್ರವೇಶ ಮುಗಿಸಿ ಈಗಷ್ಟೇ ಸುಧಾರಿಸಿಕೊಂಡವರು, ವಯಸ್ಸಾದ ಅಪ್ಪ ಅಮ್ಮನನ್ನು ಹನ್ನೊಂದನೇ ಮಹಡಿಯಲ್ಲಿ ಬಿಟ್ಟು ಹೊರದೇಶದಲ್ಲಿರುವವರು, ಎಲ್ಲರೂ ನನ್ನನ್ನು ಕೇಳುವುದು ಒಂದೇ ಮಾತು: "ನಮ್ಮಲ್ಲಿ ಫೈರ್ ಸಿಸ್ಟಮ್ ಎಲ್ಲಾ ಇದೆ ಸಾರ್, ಎನ್‌ಒಸಿನೂ ಇದೆ. ಆದ್ರೆ ಅದು ಕೆಲಸ ಮಾಡುತ್ತಾ ಅಂತ ಗೊತ್ತಾಗೋದು ಹೇಗೆ?"

ಕಾಗದ ನೋಡಿ ಗೊತ್ತಾಗುವುದಿಲ್ಲ. ಎನ್‌ಒಸಿ, ಅಂದರೆ ಅಗ್ನಿಶಾಮಕ ಇಲಾಖೆಯ ನಿರಾಕ್ಷೇಪಣಾ ಪತ್ರ ಹೇಳುವುದು, ಅವರು ಬಂದು ನೋಡಿದ ದಿನ ಎಲ್ಲ ಸರಿಯಿತ್ತು ಎಂದಷ್ಟೇ. ಆಮೇಲೆ ಬ್ಯಾಟರಿ ಸತ್ತಿರಬಹುದು, ವಾಲ್ವ್ ಮುಚ್ಚಿರಬಹುದು, ಹೋಸ್ ಪೈಪು ಬಿರುಕು ಬಿಟ್ಟಿರಬಹುದು. ಎಲ್ಲಕ್ಕಿಂತ ಮೇಲಿನ ಮಹಡಿಯ ವಾಲ್ವ್ ತೆರೆದು, ನೀರು ಎಷ್ಟು ಜೋರಾಗಿ ಬರುತ್ತದೆಂದು ಕಣ್ಣಾರೆ ನೋಡಬೇಕು. ಅದಕ್ಕೆ ಒಂದು ಬೆಳಗ್ಗೆ ಸಾಕು.

ಈ ಬರಹ ಐದಾರು ಮಹಡಿಗೂ ಹೆಚ್ಚಿನ ವಸತಿ ಕಟ್ಟಡಗಳಲ್ಲಿ ಇರುವವರಿಗಾಗಿ. ರಾಷ್ಟ್ರೀಯ ಕಟ್ಟಡ ಸಂಹಿತೆ 15 ಮೀಟರ್ ಮತ್ತು ಅದಕ್ಕಿಂತ ಎತ್ತರದ ಕಟ್ಟಡವನ್ನು ಬಹುಮಹಡಿ ಎಂದು ಕರೆಯುತ್ತದೆ. ಅದರ 2016ರ ಆವೃತ್ತಿಯ ನಾಲ್ಕನೇ ಭಾಗ ಪೂರ್ತಿ ಬೆಂಕಿ ಮತ್ತು ಜೀವರಕ್ಷಣೆಯದ್ದೇ. ಕಮಿಟಿಯಲ್ಲಿ ಒಬ್ಬರಾದರೂ ಅದನ್ನು ಓದಿರಲಿ.

ಮೊದಲು ನಾಲ್ಕು ಪದ

ಟೆಕ್ನಿಷಿಯನ್ ಜೊತೆ ಮಾತಾಡುವಾಗ ಇವು ಗೊತ್ತಿದ್ದರೆ ನಿಮ್ಮನ್ನು ಯಾರೂ ಸುಮ್ಮನೆ ಸಾಗಹಾಕಲಾರರು.

ರೈಸರ್ ಎಂದರೆ ಮೆಟ್ಟಿಲ ಪಕ್ಕ ನೆಟ್ಟಗೆ ಮೇಲಕ್ಕೆ ಏರುವ ದಪ್ಪ ಕೆಂಪು ಪೈಪು. ಅದರಲ್ಲಿ ಯಾವಾಗಲೂ ನೀರು ಒತ್ತಡದಲ್ಲಿ ತುಂಬಿಕೊಂಡಿದ್ದರೆ ವೆಟ್ ರೈಸರ್. ಟೆರೇಸಿನ ಟ್ಯಾಂಕಿನಿಂದ ನೀರು ಕೆಳಗಿಳಿದು ಬರುವ ವ್ಯವಸ್ಥೆಯಾದರೆ ಡೌನ್ ಕಮರ್. ನಿಮ್ಮದು ಯಾವುದು ಎಂದು ಮೊದಲು ತಿಳಿದುಕೊಳ್ಳಿ.

ಹೈಡ್ರೆಂಟ್ ವಾಲ್ವ್ ಪ್ರತಿ ಮಹಡಿಯಲ್ಲೂ ರೈಸರ್‌ಗೆ ಅಂಟಿಕೊಂಡಿರುವ, ಚಕ್ರದಂಥ ಹಿಡಿಯ ನಲ್ಲಿ. ಬಾಯಿಯ ಅಳತೆ 63 ಮಿಲಿಮೀಟರ್. ಇದಕ್ಕೆ ಬಟ್ಟೆಯ ಹೋಸ್ ಸಿಕ್ಕಿಸಿ, ಹೋಸಿನ ತುದಿಗೆ ಬ್ರಾಂಚ್ ಹಾಕುತ್ತಾರೆ. ಬ್ರಾಂಚ್ ಎಂದರೆ ನೀರನ್ನು ದೂರಕ್ಕೆ ಚಿಮ್ಮಿಸುವ ಲೋಹದ ಮೂತಿ.

ಹೋಸ್ ರೀಲ್ ಬೇರೆ. ಕೆಂಪು ಚಕ್ರಕ್ಕೆ ಸುತ್ತಿರುವ ಸಣ್ಣ ರಬ್ಬರ್ ಪೈಪು ಅದು. ಒಬ್ಬರೇ ಎಳೆದುಕೊಂಡು ಹೋಗಿ ಬಳಸಬಹುದು. ಹೈಡ್ರೆಂಟ್ ಹೋಸ್ ಹಾಗಲ್ಲ, ಅದರ ಎದುರೊತ್ತು ಒಬ್ಬ ಆಳನ್ನು ಕೆಡವಿಬಿಡುತ್ತದೆ. ಮನೆಯವರಿಗೆ ಹೋಸ್ ರೀಲ್, ತರಬೇತಿ ಆದವರಿಗೆ ಹೈಡ್ರೆಂಟ್. ಈ ವ್ಯತ್ಯಾಸವನ್ನು ಎಲ್ಲ ನಿವಾಸಿಗಳಿಗೂ ಹೇಳಿಡಿ.

ಜಾಕಿ ಪಂಪು ಎಂದರೆ ಸಣ್ಣ ಸೋರಿಕೆಯಿಂದ ಒತ್ತಡ ಇಳಿದಾಗ ತಾನೇ ಓಡಿ ತುಂಬಿಸಿ ನಿಲ್ಲುವ ಪುಟ್ಟ ಪಂಪು. ಬೆಂಕಿ ಆರಿಸುವ ಕೆಲಸ ಅದರದ್ದಲ್ಲ, ಮುಖ್ಯ ಪಂಪಿನದು.

ಬೇಕಾಗುವುದು

ಮೇಂಟೆನೆನ್ಸ್ ಗುತ್ತಿಗೆ ಪಡೆದ ಕಂಪನಿಯ ಟೆಕ್ನಿಷಿಯನ್ ಒಬ್ಬರು ಇರಲೇಬೇಕು. ಅವರಿಲ್ಲದೆ ಪಂಪು, ವಾಲ್ವ್ ಮುಟ್ಟಬೇಡಿ. ಕಮಿಟಿಯಿಂದ ಇಬ್ಬರು, ಸೆಕ್ಯೂರಿಟಿಯಿಂದ ಇಬ್ಬರು, ಟಾರ್ಚು, ನೋಟ್‌ಬುಕ್ಕು, ಫೋನು, ಎರಡು ಊದುಬತ್ತಿ. ಊದುಬತ್ತಿ ಯಾಕೆಂದು ಆಮೇಲೆ ಹೇಳುತ್ತೇನೆ. ಹಿಂದಿನ ದಿನವೇ ನೋಟಿಸ್ ಹಾಕಿ: ನಾಳೆ ಬೆಳಗ್ಗೆ ಸೈರನ್ ಕೂಗುತ್ತದೆ, ಗಾಬರಿ ಬೇಡ.

ಹಂತ 1: ಎನ್‌ಒಸಿ ಪತ್ರವನ್ನು ಕೈಯಲ್ಲಿ ಹಿಡಿದು ಸುತ್ತಾಡಿ

ಆ ಪತ್ರದಲ್ಲಿ ನಿಮ್ಮ ಕಟ್ಟಡಕ್ಕೆ ಏನೇನು ಇರಬೇಕೆಂದು ಬರೆದಿರುತ್ತದೆ: ಟ್ಯಾಂಕ್ ಎಷ್ಟು ಲೀಟರ್, ಪಂಪು ಎಷ್ಟು, ಮೆಟ್ಟಿಲು ಎಷ್ಟು, ರೆಫ್ಯೂಜ್ ಏರಿಯಾ (ಇಳಿಯಲಾಗದವರು ಬಂದು ನಿಂತು ಕಾಯುವ ತೆರೆದ ಜಾಗ) ಎಲ್ಲಿ. ಒಂದೊಂದನ್ನೂ ಹುಡುಕಿ ಟಿಕ್ ಹಾಕಿ. ಪತ್ರದಲ್ಲಿ ಇದ್ದು ಕಟ್ಟಡದಲ್ಲಿ ಇಲ್ಲದ್ದು ಏನಾದರೂ ಸಿಕ್ಕರೆ ಬಿಲ್ಡರ್‌ಗೆ ಬರವಣಿಗೆಯಲ್ಲೇ ತಿಳಿಸಿ, ಬಾಯಿಮಾತು ಬೇಡ. ಪತ್ರವೇ ಸಿಗದಿದ್ದರೆ ಇಂದೇ ಅದರ ಪ್ರತಿಗೆ ಅರ್ಜಿ ಹಾಕಿ.

ಹಂತ 2: ಟ್ಯಾಂಕಿನಲ್ಲಿ ನೀರಿದೆಯೇ

ಮುಚ್ಚಳ ತೆಗೆಸಿ ಟಾರ್ಚು ಬಿಟ್ಟು ನೋಡಿ. ಸೆನ್ಸರ್ ದೀಪ ನಂಬಬೇಡಿ.

ಫೈರ್ ಸಂಪಿನ, ಅಂದರೆ ಬೆಂಕಿ ಆರಿಸಲೆಂದೇ ಮೀಸಲಾದ ನೆಲದಡಿಯ ಟ್ಯಾಂಕಿನ ನೀರನ್ನು ಮನೆಬಳಕೆಗೆ ಎಳೆದುಕೊಳ್ಳುವುದು ನಾನು ಅತಿ ಹೆಚ್ಚು ಕಂಡ ತಪ್ಪು. 2024ರ ಬೇಸಿಗೆಯಲ್ಲಿ ಬೆಂಗಳೂರಿನಲ್ಲಿ ಟ್ಯಾಂಕರ್ ನೀರಿಗೂ ಪರದಾಟವಾದಾಗ ಇದು ಎಷ್ಟೋ ಕಡೆ ನಡೆಯಿತು. ನೀರಿಲ್ಲದ ಮನೆಯವರ ಕಷ್ಟ ನನಗೂ ಗೊತ್ತು. ಆದರೂ ಇದನ್ನು ಯಾವ ಕಾರಣಕ್ಕೂ ಒಪ್ಪಬೇಡಿ.

ಒಳ್ಳೆಯ ಜೋಡಣೆ ಹೀಗಿರುತ್ತದೆ: ಬೋರ್‌ವೆಲ್ ಅಥವಾ ಟ್ಯಾಂಕರ್ ನೀರು ಮೊದಲು ಫೈರ್ ಸಂಪಿಗೆ ಬೀಳುತ್ತದೆ. ಅದು ತುಂಬಿ ತುಳುಕಿದ್ದು ಪಕ್ಕದ ಮನೆಬಳಕೆ ಸಂಪಿಗೆ ಹರಿಯುತ್ತದೆ. ಹಾಗಾದರೆ ಫೈರ್ ನೀರು ಎಂದೂ ಕಡಿಮೆಯಾಗುವುದಿಲ್ಲ, ನಿಂತು ಪಾಚಿಯೂ ಕಟ್ಟುವುದಿಲ್ಲ. ನಿಮ್ಮಲ್ಲಿ ಎರಡೂ ಸಂಪಿಗೆ ಬೇರೆ ಬೇರೆ ಪೈಪು ಇದ್ದರೆ, ಹೀಗೆ ಬದಲಾಯಿಸಲು ಪ್ಲಂಬರ್‌ಗೆ ದೊಡ್ಡ ಕೆಲಸವೇನಲ್ಲ.

ಹಂತ 3: ಪಂಪ್ ರೂಮ್

ಇಲ್ಲಿ ಸಮಯ ತೆಗೆದುಕೊಳ್ಳಿ. ಒಳಗೆ ಹೋದ ತಕ್ಷಣ ಮೂರು ಕಡೆ ಕಣ್ಣು ಹಾಯಿಸಿ.

ಒಂದು, ಪ್ಯಾನೆಲ್ ಮೇಲಿನ ಸ್ವಿಚ್ಚು. ಅದು ‘ಆಟೋ’ದಲ್ಲಿ ಇರಬೇಕು. ‘ಮ್ಯಾನ್ಯುಯಲ್’ ಅಥವಾ ‘ಆಫ್’ ಕಡೆ ತಿರುಗಿದ್ದರೆ, ಬೆಂಕಿ ಬಿದ್ದಾಗ ಯಾರಾದರೂ ಬೇಸ್‌ಮೆಂಟಿಗೆ ಓಡಿಬಂದು ಪಂಪು ಹಾಕಬೇಕು ಎಂದರ್ಥ. ಹೊಗೆ ತುಂಬಿದ ಬೇಸ್‌ಮೆಂಟಿಗೆ ಯಾರು ಇಳಿಯುತ್ತಾರೆ? ಸೋರಿಕೆಯಿಂದ ಜಾಕಿ ಪಂಪು ಪದೇ ಪದೇ ಓಡಿ ಕರೆಂಟ್ ಬಿಲ್ ಬರುತ್ತದೆಂದು ಸ್ವಿಚ್ ಆಫ್ ಮಾಡಿಬಿಡುತ್ತಾರೆ. ಸೋರಿಕೆ ಸರಿ ಮಾಡಿಸಿ, ಸ್ವಿಚ್ ಮುಟ್ಟಬೇಡಿ.

ಎರಡು, ಪೈಪಿನ ಮೇಲಿನ ಗೇಜು, ಅಂದರೆ ಒತ್ತಡ ತೋರಿಸುವ ಮುಳ್ಳಿನ ಡಯಲು. ವೆಟ್ ರೈಸರ್ ಆದರೆ ಮುಳ್ಳು ಸೊನ್ನೆಗಿಂತ ಮೇಲಿರಲೇಬೇಕು. ಮುಳ್ಳು ಸೊನ್ನೆಯಲ್ಲಿದ್ದರೆ ಪೈಪು ಖಾಲಿ. ಬೆರಳಲ್ಲಿ ಮೆಲ್ಲಗೆ ತಟ್ಟಿ ನೋಡಿ, ವರ್ಷಗಟ್ಟಲೆ ಒಂದೇ ಅಂಕಿಯ ಮೇಲೆ ಅಂಟಿ ಕೂತ ಗೇಜುಗಳೂ ಇವೆ.

ಮೂರು, ಡೀಸೆಲ್ ಪಂಪಿನ ಬ್ಯಾಟರಿ. ಟರ್ಮಿನಲ್ ಮೇಲೆ ನೀಲಿಬಿಳಿ ಹುಡಿ ಕಟ್ಟಿದ್ದರೆ, ವೈರಿನ ಕ್ಲಾಂಪು ಕೈಗೇ ಅಲ್ಲಾಡಿದರೆ, ಆ ಎಂಜಿನ್ ಹತ್ತುವುದಿಲ್ಲ. ದೊಡ್ಡ ಬೆಂಕಿಯಲ್ಲಿ ಮೊದಲು ಹೋಗುವುದು ಕರೆಂಟು, ಆಗ ಉಳಿಯುವುದು ಈ ಡೀಸೆಲ್ ಎಂಜಿನ್ ಒಂದೇ. ಟ್ಯಾಂಕಿನಲ್ಲಿ ಡೀಸೆಲ್ ಎಷ್ಟಿದೆಯೆಂದೂ ನೋಡಿ. ಜನರೇಟರ್‌ಗೆಂದು ಅದರಿಂದಲೇ ತೆಗೆಯುವ ಅಭ್ಯಾಸ ಕೆಲವು ಕಡೆ ಇದೆ.

ಈಗ ಪರೀಕ್ಷೆ. ಟೆಕ್ನಿಷಿಯನ್‌ಗೆ ಪೈಪಿನ ನೀರು ಹೊರಬಿಡುವ ಡ್ರೈನ್ ವಾಲ್ವ್ ಸ್ವಲ್ಪ ತೆರೆಯಲು ಹೇಳಿ. ಮುಳ್ಳು ಇಳಿಯುತ್ತದೆ. ಉದಾಹರಣೆಗೆ 7 ಕೆಜಿ (ಒತ್ತಡದ ಲೆಕ್ಕದಲ್ಲಿ ಕೆಜಿ ಎಂದರೆ ಒಂದು ಚದರ ಸೆಂಟಿಮೀಟರಿಗೆ ಇಷ್ಟು ಕೆಜಿ ಎಂದು) ಇದ್ದದ್ದು 6ಕ್ಕೆ ಬಂದಾಗ ಜಾಕಿ ಪಂಪು ತಾನೇ ಓಡಬೇಕು. ವಾಲ್ವ್ ಇನ್ನೂ ತೆರೆದರೆ, 5ರ ಹತ್ತಿರ ಮುಖ್ಯ ಎಲೆಕ್ಟ್ರಿಕ್ ಪಂಪು ಹತ್ತಬೇಕು. ಈಗ ಮುಖ್ಯ ಪಂಪಿನ ಸರಬರಾಜು ಆಫ್ ಮಾಡಿಸಿ. ಮುಳ್ಳು ಮತ್ತೆ ಇಳಿದು ಡೀಸೆಲ್ ಪಂಪು ತಾನಾಗಿ ಸ್ಟಾರ್ಟ್ ಆಗಬೇಕು. ನಿಮ್ಮಲ್ಲಿನ ಅಂಕಿ ಬೇರೆ ಇರಬಹುದು, ಕ್ರಮ ಮಾತ್ರ ಇದೇ. ಯಾರೂ ಬಟನ್ ಒತ್ತಕೂಡದು.

ಒಂದು ವಿಷಯ ಗಮನಿಸಿ: ಜಾಕಿ ಪಂಪು ತಾನೇ ಹತ್ತಿ ತಾನೇ ನಿಲ್ಲುತ್ತದೆ. ಮುಖ್ಯ ಪಂಪು ತಾನೇ ಹತ್ತಬೇಕು, ಆದರೆ ತಾನೇ ನಿಲ್ಲಬಾರದು. ಮನುಷ್ಯನೇ ಬಂದು ನಿಲ್ಲಿಸಬೇಕು. ನಿಮ್ಮದು ತಾನಾಗಿ ನಿಲ್ಲುತ್ತಿದ್ದರೆ ವೈರಿಂಗ್ ತಪ್ಪಾಗಿದೆ.

ಹಾಗೆಯೇ, ಮುಖ್ಯ ಪಂಪಿಗೆ ಕರೆಂಟು ಪ್ರತ್ಯೇಕ ಲೈನಿನಲ್ಲಿ ಬರಬೇಕು. ಬೆಂಕಿಯ ಹೊತ್ತಿಗೆ ಕಟ್ಟಡದ ಮೇನ್ ಸ್ವಿಚ್ ಆಫ್ ಮಾಡಿದರೂ ಪಂಪು ಓಡುತ್ತಿರಬೇಕು. ಎಲೆಕ್ಟ್ರಿಷಿಯನ್‌ನನ್ನು ನೇರವಾಗಿ ಕೇಳಿ.

ಹಂತ 4: ಎಲ್ಲಕ್ಕಿಂತ ಮೇಲಿನ ವಾಲ್ವ್ ತೆರೆಯಿರಿ

ಒಬ್ಬರು ಪಂಪ್ ರೂಮಿನಲ್ಲಿ ಫೋನ್ ಹಿಡಿದು ನಿಲ್ಲಲಿ. ಉಳಿದವರು ಟೆರೇಸಿಗೆ ನಡೆಯಿರಿ. ಮೆಟ್ಟಿಲಲ್ಲೇ ಹತ್ತಿ, ಆರನೇ ಹಂತಕ್ಕೆ ಬೇಕಾದ್ದೆಲ್ಲ ದಾರಿಯಲ್ಲೇ ಕಾಣುತ್ತದೆ.

ಹೋಸ್ ಬಿಚ್ಚಿ ನೆಲದ ಮೇಲೆ ತಿರುಚಿಲ್ಲದಂತೆ ಹರಡಿ. ಹೋಸಿನ ತುದಿಯನ್ನು ವಾಲ್ವ್ ಬಾಯಿಗೆ ಒತ್ತಿದಾಗ ‘ಟಕ್’ ಎಂದು ಕಚ್ಚಿಕೊಳ್ಳಬೇಕು. ಕೂತಿತೋ ಇಲ್ಲವೋ ಎಂದು ಎಳೆದು ನೋಡಿ. ಇನ್ನೊಂದು ತುದಿಗೆ ಬ್ರಾಂಚ್ ಹಾಕಿ. ಇಬ್ಬರು ಅದನ್ನು ಕಂಕುಳಲ್ಲಿ ಒತ್ತಿ ಹಿಡಿದು, ಒಂದು ಕಾಲು ಮುಂದಿಟ್ಟು ನಿಲ್ಲಲಿ. ಮೂತಿ ಪಕ್ಕದ ಕಟ್ಟಡದ ಕಡೆಗಾಗಲಿ, ಲಿಫ್ಟ್ ಮೆಷಿನ್ ರೂಮಿನ ಕಡೆಗಾಗಲಿ, ಕರೆಂಟ್ ಪ್ಯಾನೆಲ್ ಕಡೆಗಾಗಲಿ ಇರಬಾರದು.

ಚಕ್ರವನ್ನು ಕಾಲು ಸುತ್ತು ತಿರುಗಿಸಿ ಕಾಯಿರಿ. ಮೊದಲು ಗಾಳಿ ಬುಸುಗುಟ್ಟುತ್ತದೆ, ಆಮೇಲೆ ತುಕ್ಕಿನ ಕೆಂಪು ನೀರು, ಆಮೇಲೆ ತಿಳಿನೀರು. ಹೋಸ್ ಬಿಗಿದು ಕಬ್ಬಿಣದ ಪೈಪಿನಂತಾದ ಮೇಲೆ ನಿಧಾನಕ್ಕೆ ಪೂರ್ತಿ ತೆರೆಯಿರಿ. ಎಲ್ಲಕ್ಕಿಂತ ಎತ್ತರದ, ದೂರದ ಬಾಯಲ್ಲಿ ನೀರು ಹರಿಯುತ್ತಿರುವಾಗಲೂ ಕನಿಷ್ಠ 3.5 ಕೆಜಿ ಒತ್ತಡ ಉಳಿದಿರಬೇಕು ಎನ್ನುತ್ತದೆ ಕಟ್ಟಡ ಸಂಹಿತೆ. ಅಳೆಯುವ ಗೇಜು ಟೆಕ್ನಿಷಿಯನ್ ಬಳಿ ಇರುತ್ತದೆ, ಇಲ್ಲವೆಂದರೆ ಮುಂದಿನ ಸಲ ತರಲು ಹೇಳಿ. ಎರಡು ಮೂರು ನಿಮಿಷ ಹರಿಯಲು ಬಿಡಿ. ಕೆಳಗಿರುವವರನ್ನು ಫೋನಿನಲ್ಲಿ ಕೇಳಿ: ಯಾವ ಪಂಪು ಓಡುತ್ತಿದೆ, ಮುಳ್ಳು ಎಲ್ಲಿದೆ.

ಮುಚ್ಚುವಾಗಲೂ ನಿಧಾನ. ಹರಿಯುವ ನೀರನ್ನು ಫಕ್ಕನೆ ತಡೆದರೆ ಅದರ ಹೊಡೆತಕ್ಕೆ ಕೆಳಗಿನ ಜಾಯಿಂಟುಗಳು ಬಿಟ್ಟುಕೊಳ್ಳುತ್ತವೆ.

ಒಂದು ಕಟ್ಟಡದಲ್ಲಿ ಪಂಪು ಚೆನ್ನಾಗಿ ಓಡಿತು, ಕೆಳಗೆ ಗೇಜು ಏರಿತು, ಮೇಲೆ ಹನಿ ನೀರಿಲ್ಲ. ಹುಡುಕಿದರೆ ರೈಸರ್ ಬುಡದ ವಾಲ್ವ್ ಮುಚ್ಚಿತ್ತು. ಸೋರಿಕೆ ರಿಪೇರಿಗೆ ಮುಚ್ಚಿದವರು ತೆರೆಯುವುದನ್ನು ಮರೆತಿದ್ದರು, ಎಂಟು ತಿಂಗಳಿಂದ ಇನ್ನೂರು ಮನೆಗಳು ಹಾಗೇ ಇದ್ದವು. ಅದಕ್ಕೇ ಹೇಳುವುದು: ಬುಡದ ವಾಲ್ವ್‌ಗಳನ್ನು ತೆರೆದ ಸ್ಥಿತಿಯಲ್ಲೇ ಸಣ್ಣ ಸರಪಳಿ ಹಾಕಿ ಕಟ್ಟಿ, ‘ಸದಾ ತೆರೆದಿರಲಿ’ ಎಂದು ಕನ್ನಡದಲ್ಲಿ ಫಲಕ ತೂಗುಹಾಕಿ.

ಡೌನ್ ಕಮರ್ ಇರುವವರು ಟೆರೇಸ್ ಪಂಪನ್ನು ಕೆಳಗಿನಿಂದಲೂ ಸ್ಟಾರ್ಟ್ ಮಾಡಬಹುದೇ ಎಂದು ಪರೀಕ್ಷಿಸಿ. ಬಟನ್ ನೆಲಮಹಡಿಯಲ್ಲೂ ಇರಬೇಕು.

ಹಂತ 5: ಹೋಸ್ ಬಾಕ್ಸ್ ಮತ್ತು ಸಿಲಿಂಡರ್

ಪ್ರತಿ ಮಹಡಿಯ ಬಾಕ್ಸನ್ನೂ ತೆರೆಯಿರಿ. ಬೀಗ ಹಾಕಿದ್ದರೆ ಅದೇ ಮೊದಲ ದೋಷ. ಬ್ರಾಂಚ್ ಕಳುವಾಗುವ ವಸ್ತು, ಗುಜರಿಯಲ್ಲಿ ಬೆಲೆ ಬರುತ್ತದೆ. ಆದ್ದರಿಂದ ಎಣಿಸಿ. ಹೋಸನ್ನು ಪೂರ್ತಿ ಬಿಚ್ಚಿ, ಒಳಗಿನ ರಬ್ಬರ್ ಒಂದಕ್ಕೊಂದು ಅಂಟಿದೆಯೇ, ಮಡಿಕೆಯ ಜಾಗದಲ್ಲಿ ಸೀಳಿದೆಯೇ ನೋಡಿ. ಮತ್ತೆ ಸುತ್ತುವಾಗ ಮಡಿಕೆಯ ಜಾಗ ಬದಲಾಯಿಸಿ.

ಗೋಡೆಯಲ್ಲಿ ತೂಗುವ ಕೆಂಪು ಸಿಲಿಂಡರುಗಳಲ್ಲಿ ಎಬಿಸಿ ಪೌಡರಿನದಕ್ಕೆ ಗೇಜು ಇರುತ್ತದೆ, ಮುಳ್ಳು ಹಸಿರಿನಲ್ಲಿ ಇರಬೇಕು. ಕಾರ್ಬನ್ ಡೈಆಕ್ಸೈಡ್ ಸಿಲಿಂಡರಿಗೆ ಗೇಜು ಇಲ್ಲ, ತೂಗಿಯೇ ನೋಡಬೇಕು. ಒಳಗಿನ ಅನಿಲದಲ್ಲಿ ನೂರಕ್ಕೆ 10ಕ್ಕಿಂತ ಹೆಚ್ಚು ಕಡಿಮೆಯಾಗಿದ್ದರೆ ತುಂಬಿಸಬೇಕು. ಪೌಡರಿನದಕ್ಕೆ 3 ವರ್ಷಕ್ಕೊಮ್ಮೆ, ಕಾರ್ಬನ್ ಡೈಆಕ್ಸೈಡಿನದಕ್ಕೆ 5 ವರ್ಷಕ್ಕೊಮ್ಮೆ ಒತ್ತಡ ಪರೀಕ್ಷೆ ಆಗಬೇಕು. ಸ್ಟಿಕ್ಕರ್ ಮೇಲಿನ ದಿನಾಂಕ ಓದಿ. ಬರೀ ಹೊಸ ಸ್ಟಿಕ್ಕರ್ ಅಂಟಿಸಿ ಹೋಗುವವರೂ ಇದ್ದಾರೆ, ಸಿಲಿಂಡರನ್ನು ಕೊಂಡೊಯ್ದು ತಂದರೇ ಎಂದು ಗೇಟಿನ ರಿಜಿಸ್ಟರ್ ನೋಡಿ.

‘ಕೆಲಸ ಮಾಡುತ್ತಾ ನೋಡೋಣ’ ಎಂದು ಒಂದು ಸಲ ಒತ್ತಿ ಮತ್ತೆ ತೂಗುಹಾಕಬೇಡಿ. ಪೌಡರ್ ಕವಾಟದಲ್ಲಿ ಸಿಕ್ಕಿಕೊಂಡು ಅನಿಲ ನಿಧಾನಕ್ಕೆ ಸೋರಿ, ಬೇಕಾದ ದಿನ ಖಾಲಿ ಇರುತ್ತದೆ. ಕಲಿಯಲು ಬೇರೆ ಸಿಲಿಂಡರ್ ಇಟ್ಟುಕೊಳ್ಳಿ. ಪಿನ್ ಎಳೆಯಿರಿ, ಜ್ವಾಲೆಗಲ್ಲ ಬುಡಕ್ಕೆ ಗುರಿಯಿಡಿ, ಹಿಡಿ ಒತ್ತಿ, ಎಡಬಲ ಆಡಿಸಿ. ಹೊರಹೋಗುವ ಬಾಗಿಲು ಯಾವಾಗಲೂ ನಿಮ್ಮ ಬೆನ್ನ ಹಿಂದಿರಲಿ. ಸಿಲಿಂಡರ್ ಕೆಲವೇ ಸೆಕೆಂಡುಗಳಲ್ಲಿ ಮುಗಿದುಹೋಗುತ್ತದೆ. ಅಷ್ಟರಲ್ಲಿ ಆರದಿದ್ದರೆ ಬಾಗಿಲು ಎಳೆದುಕೊಂಡು ಹೊರಗೆ ಬನ್ನಿ.

ಹಂತ 6: ಹೊಗೆಯ ದಾರಿ

2010ರ ಫೆಬ್ರವರಿ 23ರಂದು ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್‌ನಲ್ಲಿ 9 ಜನ ಸತ್ತರು. ಕೇಬಲ್ಲುಗಳು ಮಹಡಿಯಿಂದ ಮಹಡಿಗೆ ಏರುವ ಕಿಂಡಿದಾರಿಯಿಂದ, ಅಂದರೆ ಡಕ್ಟಿನಿಂದ ಹೊಗೆ ಮೇಲಿನ ಮಹಡಿಗಳಿಗೆ ನುಗ್ಗಿತ್ತು. ಉಸಿರುಕಟ್ಟಿ ಕಿಟಕಿಯಿಂದ ಹಾರಿದವರೂ ಇದ್ದರು. ಬೆಂಕಿಗಿಂತ ಮೊದಲು ಹೊಗೆ ಕೊಲ್ಲುತ್ತದೆ. ನೀರಿನ ವ್ಯವಸ್ಥೆ ಎಷ್ಟೇ ಚೆನ್ನಾಗಿರಲಿ, ಹೊಗೆಗೆ ದಾರಿ ಬಿಟ್ಟರೆ ಉಪಯೋಗವಿಲ್ಲ.

ಊದುಬತ್ತಿ ಈಗ ಹಚ್ಚಿ. ಪ್ರತಿ ಮಹಡಿಯ ಎಲೆಕ್ಟ್ರಿಕಲ್ ಡಕ್ಟಿನ ಬಾಗಿಲು ತೆರೆದು, ವೈರುಗಳಿಂದ ದೂರವೇ ನಿಂತು, ಹೊಗೆ ಎತ್ತ ಹೋಗುತ್ತದೆಂದು ನೋಡಿ. ಮೇಲಕ್ಕೆ ಸುಯ್ ಎಂದು ಎಳೆದುಕೊಂಡರೆ ಆ ಡಕ್ಟು ಚಿಮಣಿಯೇ ಆಗಿದೆ. ಕೇಬಲ್ ಹಾದುಹೋಗುವ ಕಿಂಡಿಗಳನ್ನು ಪ್ರತಿ ಮಹಡಿಯ ಸ್ಲ್ಯಾಬಿನಲ್ಲೂ ಬೆಂಕಿ ತಡೆಯುವ ಸಾಮಗ್ರಿಯಿಂದ ಮುಚ್ಚಿರಬೇಕು. ಇಂಟರ್ನೆಟ್ ವೈರು ಎಳೆಯಲು ಬಂದವರು ಅದನ್ನು ಕಿತ್ತು ಹಾಗೇ ಬಿಟ್ಟು ಹೋಗುತ್ತಾರೆ. ಅಲ್ಲೇ ಹೌಸ್‌ಕೀಪಿಂಗಿನವರು ಪೊರಕೆ, ಹಳೇ ಪೇಪರ್ ಇಟ್ಟಿರುತ್ತಾರೆ. ಬೆಂಕಿ ಹೊತ್ತಲು ಅದಕ್ಕಿಂತ ಪ್ರಶಸ್ತ ಜಾಗ ಇಲ್ಲ.

ಮೆಟ್ಟಿಲ ಬಾಗಿಲನ್ನು ಪೂರ್ತಿ ತೆರೆದು ಬಿಟ್ಟುಬಿಡಿ. ಅದು ತಾನೇ ಹಿಂದಿರುಗಿ, ಚಿಲಕ ಕಚ್ಚಿ ಮುಚ್ಚಬೇಕು. ಗಾಳಿ ಬರಲೆಂದು ಹೂಕುಂಡವನ್ನೋ ಇಟ್ಟಿಗೆಯನ್ನೋ ಅಡ್ಡ ಇಟ್ಟಿರುವುದು ನಿಮಗೆ ಖಂಡಿತ ಕಾಣುತ್ತದೆ. ತೆಗೆಸಿ. ಆ ಬಾಗಿಲು ಮುಚ್ಚಿದ್ದರೆ ಮಾತ್ರ ಮೆಟ್ಟಿಲು ಹೊಗೆಯಿಲ್ಲದೆ ಉಳಿಯುತ್ತದೆ, ಇಳಿದು ಬರಲು ಬೇರೆ ದಾರಿಯಿಲ್ಲ.

ಮೆಟ್ಟಿಲಿನಲ್ಲಿ ಚಪ್ಪಲಿ ಸ್ಟ್ಯಾಂಡು, ಸೈಕಲ್ಲು, ಮುರಿದ ಸೋಫಾ ಬೇಡ. ಟೆರೇಸ್ ಬಾಗಿಲಿಗೆ ಬೀಗ ಬೇಡ. ಮಕ್ಕಳ ಚಿಂತೆ ಇದ್ದರೆ ಒಳಗಿನಿಂದ ಒತ್ತಿದರೆ ತೆರೆಯುವ ಪ್ಯಾನಿಕ್ ಬಾರ್ ಹಾಕಿಸಿ. ರೆಫ್ಯೂಜ್ ಏರಿಯಾ ಜಿಮ್ ಅಥವಾ ಗೋಡೌನ್ ಆಗಿದ್ದರೆ ಖಾಲಿ ಮಾಡಿಸಿ. ಜಗಳವಾದರೂ ಸರಿ.

ಗೇಟಿಗೂ ಹೋಗಿ. ಅಗ್ನಿಶಾಮಕ ವಾಹನ ತಿರುಗಲು ಬಿಟ್ಟ ಜಾಗದಲ್ಲಿ ಕಾರು ನಿಲ್ಲಿಸುತ್ತಾರೆ. ಗಣಪತಿ ಪೆಂಡಾಲು, ರಾಜ್ಯೋತ್ಸವದ ಕಮಾನು ಕಟ್ಟುವಾಗ ಎತ್ತರ ಕನಿಷ್ಠ 4.5 ಮೀಟರ್ ಬಿಡಿ. ಹೊರಗಿನಿಂದ ನೀರು ತುಂಬುವ ನಾಲ್ಕು ಬಾಯಿಯ ಕೆಂಪು ಇನ್‌ಲೆಟ್ ಗಿಡಗಂಟಿಗಳಲ್ಲಿ ಮುಚ್ಚಿಹೋಗದಿರಲಿ. ನಿಮ್ಮ ಪಂಪು ಕೈಕೊಟ್ಟರೂ ಅಗ್ನಿಶಾಮಕದವರು ಆ ಬಾಯಿಂದ ರೈಸರ್‌ಗೆ ನೀರು ಕೊಡುತ್ತಾರೆ.

ಹಂತ 7: ಅಲಾರಂ, ಸ್ಪ್ರಿಂಕ್ಲರ್

ಒಂದು ಮಹಡಿಯ ಗೋಡೆಯಲ್ಲಿರುವ ಅಲಾರಂನ ಕೆಂಪು ಡಬ್ಬಿ ಒತ್ತಿಸಿ. ಮನೆಯೊಳಗೆ ಬಾಗಿಲು ಹಾಕಿ ಮಲಗಿದವರಿಗೂ ಸೈರನ್ ಕೇಳಬೇಕು. ಪ್ಯಾನೆಲ್ ಸರಿಯಾದ ಮಹಡಿಯನ್ನೇ ತೋರಿಸಬೇಕು. ಹಳದಿ ದೀಪ ಉರಿಯುತ್ತಿದ್ದರೆ ಎಲ್ಲೋ ದೋಷವಿದೆ. ಸುಳ್ಳು ಅಲಾರಂ ಕಾಟವೆಂದು ಸೈರನ್ ವೈರ್ ಕಿತ್ತುಹಾಕುವುದು ಅತ್ಯಂತ ಅಪಾಯ.

ಬಿಸಿ ತಗುಲಿದಾಗ ಚಾವಣಿಯಿಂದ ನೀರು ಚಿಮುಕಿಸುವ ಸ್ಪ್ರಿಂಕ್ಲರ್‌ನ ಗಾಜಿನ ಬಲ್ಬಿನ ಬಣ್ಣ ಅದು ಒಡೆಯುವ ಬಿಸಿಯನ್ನು ಹೇಳುತ್ತದೆ: ಕೆಂಪಿಗೆ 68 ಡಿಗ್ರಿ, ಹಳದಿಗೆ 79, ಹಸಿರಿಗೆ 93. ಬಿಸಿ ತಗುಲಿದ್ದು ಮಾತ್ರ ತೆರೆದುಕೊಳ್ಳುತ್ತದೆ, ಸಿನಿಮಾದಂತೆ ಎಲ್ಲವೂ ಒಟ್ಟಿಗೆ ಸುರಿಯುವುದಿಲ್ಲ. ಬಲ್ಬಿಗೆ ಪೇಂಟ್ ತಾಗಿದ್ದರೆ ಬದಲಿಸಿ. ದೀಪಾವಳಿಯ ಸರ ಅದಕ್ಕೆ ಕಟ್ಟಬೇಡಿ. ಕೆಳಗೆ ಅರ್ಧ ಮೀಟರ್ ಜಾಗ ಖಾಲಿ ಬಿಡಿ. ಲೈಟರ್ ಹಿಡಿದು ಪರೀಕ್ಷಿಸಲು ಹೋಗಬೇಡಿ, ಅದಕ್ಕೆಂದೇ ಲೈನಿನ ಕೊನೆಯಲ್ಲಿ ಟೆಸ್ಟ್ ವಾಲ್ವ್ ಇರುತ್ತದೆ.

ಹಂತ 8: ರಾತ್ರಿ ಎರಡು ಗಂಟೆಗೆ ಯಾರಿರುತ್ತಾರೆ

ಏಪ್ರಿಲ್ 14ರಿಂದ 20ರವರೆಗೆ ದೇಶದಾದ್ಯಂತ ಅಗ್ನಿಶಾಮಕ ಸೇವಾ ಸಪ್ತಾಹ. 1944ರ ಏಪ್ರಿಲ್ 14ರಂದು ಮುಂಬೈ ಬಂದರಿನಲ್ಲಿ ಹಡಗು ಸ್ಫೋಟಿಸಿದಾಗ ಪ್ರಾಣ ಕೊಟ್ಟ ಅಗ್ನಿಶಾಮಕ ಸಿಬ್ಬಂದಿಯ ನೆನಪಿಗೆ. ಆ ವಾರ ಹತ್ತಿರದ ಠಾಣೆಯವರನ್ನು ಕರೆದು ಅಣಕು ಕಾರ್ಯಾಚರಣೆ ಮಾಡಿಸಿ, ಕೇಳಿದರೆ ಸಂತೋಷದಿಂದ ಬರುತ್ತಾರೆ.

ಮನೆಯವರಿಗೆ ಹೇಳಿಕೊಡಬೇಕಾದ್ದು: ಲಿಫ್ಟ್ ಬೇಡ. ಮೊದಲು 112ಕ್ಕೆ ಅಥವಾ 101ಕ್ಕೆ ಫೋನ್, ಆಮೇಲೆ ಮಿಕ್ಕದ್ದು. ಗ್ಯಾಸ್ ಉರಿಯುತ್ತಿದ್ದರೆ ರೆಗ್ಯುಲೇಟರ್ ಮುಚ್ಚಿಯೇ ಆರಿಸಬೇಕು, ಉರಿ ಮಾತ್ರ ಆರಿಸಿದರೆ ಅನಿಲ ಮನೆ ತುಂಬುತ್ತದೆ. ಮೆಟ್ಟಿಲಲ್ಲೇ ಹೊಗೆ ಇದ್ದರೆ ಮನೆಯೊಳಗೆ ಬಂದು ಬಾಗಿಲು ಹಾಕಿ, ಸಂದಿಗೆ ಒದ್ದೆ ಟವೆಲ್ ತುರುಕಿ, ಬಾಲ್ಕನಿಯಲ್ಲಿ ನಿಂತು ಕಾಣಿಸಿಕೊಳ್ಳಿ.

ಮೆಟ್ಟಿಲು ಇಳಿಯಲಾಗದ ಹಿರಿಯರು, ಗಾಲಿಕುರ್ಚಿಯವರು ಯಾವ ಮನೆಯಲ್ಲಿದ್ದಾರೆಂಬ ಪಟ್ಟಿ ಗೇಟಿನಲ್ಲಿರಲಿ. ಅಗ್ನಿಶಾಮಕದವರು ಬಂದ ಕೂಡಲೇ ಕೇಳುವುದು ಅದನ್ನೇ.

ಇನ್ನೊಂದು ಪರೀಕ್ಷೆಯನ್ನು ಹಗಲಲ್ಲಿ ಮಾಡಲಾಗುವುದಿಲ್ಲ. ಯಾವುದಾದರೂ ಒಂದು ರಾತ್ರಿ ಪಾಳಿಯ ಸೆಕ್ಯೂರಿಟಿಯವರ ಬಳಿ ಹೋಗಿ ಸಮಾಧಾನವಾಗಿ ಕೇಳಿ: "ಪಂಪ್ ರೂಮ್ ಕೀ ಎಲ್ಲಿದೆ? ಯಾವ ನಂಬರಿಗೆ ಫೋನ್ ಮಾಡ್ತೀರಿ? ನಮ್ಮ ವಿಳಾಸ ಹೇಗೆ ಹೇಳ್ತೀರಿ?" ಎಷ್ಟೋ ಜನ ದೂರದ ರಾಜ್ಯಗಳಿಂದ ಬಂದು ಹದಿನೈದು ದಿನವಾಗಿರುತ್ತದೆ, ಅವರಿಗೆ ಯಾರೂ ಏನೂ ತೋರಿಸಿರುವುದಿಲ್ಲ. ತಪ್ಪು ಅವರದ್ದಲ್ಲ. ಅಲ್ಲೇ ನಿಂತು ಅವರ ಭಾಷೆಯಲ್ಲೇ ವಿಳಾಸ, ಹತ್ತಿರದ ಗುರುತು, ನಂಬರು ಬರೆದು ಗೋಡೆಗೆ ಅಂಟಿಸಿ. ಕೀಲಿಯನ್ನು ಗೇಟಿನಲ್ಲೇ ಗಾಜಿನ ಡಬ್ಬಿಯಲ್ಲಿಡಿ.

ನೋಟ್‌ಬುಕ್ಕಿನಲ್ಲಿ ದಿನಾಂಕ, ಮೇಲಿನ ವಾಲ್ವಿನಲ್ಲಿ ಕಂಡ ಒತ್ತಡ, ಸಿಕ್ಕ ದೋಷ, ಸರಿಪಡಿಸುವವರ ಹೆಸರು ಬರೆದು ಎಲ್ಲರೂ ಸಹಿ ಹಾಕಿ. ಪಂಪುಗಳನ್ನು ವಾರಕ್ಕೊಮ್ಮೆ ಓಡಿಸಬೇಕು, ಹೋಸ್ ಬಾಕ್ಸು ಮತ್ತು ಸಿಲಿಂಡರನ್ನು ತಿಂಗಳಿಗೊಮ್ಮೆ ನೋಡಬೇಕು, ಮೇಲಿನ ವಾಲ್ವನ್ನು ಮೂರು ತಿಂಗಳಿಗೊಮ್ಮೆಯಾದರೂ ತೆರೆಯಬೇಕು. ಹೊರಡುವ ಮುನ್ನ ಪಂಪ್ ರೂಮಿಗೆ ಇನ್ನೊಮ್ಮೆ ಹೋಗಿ, ಪರೀಕ್ಷೆಗೆಂದು ತಿರುಗಿಸಿದ ಸ್ವಿಚ್ಚುಗಳೆಲ್ಲ ಮತ್ತೆ ‘ಆಟೋ’ಕ್ಕೆ ಬಂದಿವೆಯೇ, ಡ್ರೈನ್ ವಾಲ್ವ್ ಮುಚ್ಚಿದೆಯೇ ಎಂದು ನೋಡಿ ಬಾಗಿಲು ಹಾಕಿ.